ಭಾವನವರ ನೀತಿಪಾಠವೂ ಅಕ್ಕನ ಗಂಟುಮೂಟೆಯೂ

ನೀತಿಯಿಂದ ಕೆಟ್ಟ ಮನುಷ್ಯನನ್ನು ನೀವು ನೋಡಿಲ್ಲವಾದರೆ ನಮ್ಮ ಭಾವನವರನ್ನು ನೋಡಬೇಕಿತ್ತು. ಇಸ್ಪೀಟಿನಿಂದ ಕೆಟ್ಟವರುಂಟು, ನಶ್ಯದಿಂದ ಮೂಗು ಕೆಡಿಸಿಕೊಂಡವರುಂಟು. ನೀತಿಯಿಂದಲೇ ಕೆಟ್ಟು, ಜೊತೆಗೆ ಹೆಂಡತಿಯ ಪಾತ್ರೆಪಡಗವನ್ನೂ ನುಗ್ಗುನುರಿ ಮಾಡಿದವರು, ನಾನು ಕಂಡಂತೆ, ಅವರೊಬ್ಬರೇ!

ಎಪ್ಪತ್ತರ ದಶಕದಲ್ಲಿ ಅವರು ಹೈಸ್ಕೂಲಿನ ಭೂಗೋಳದ ಮೇಷ್ಟ್ರು. ಓದಿದ್ದು ಮಾತ್ರ ತತ್ತ್ವಶಾಸ್ತ್ರ. ಮೀಸೆ ಚಿಗುರುವ ಮೊದಲೇ ಮಕ್ಕಳಿಗೆ ಪಶ್ಚಿಮದ ನೀತಿಸಿದ್ಧಾಂತಗಳನ್ನು ತಿಳಿಸದಿದ್ದರೆ ದೇಶಕ್ಕೆ ಉಳಿಗಾಲವಿಲ್ಲವೆಂದು ಅವರ ನಂಬಿಕೆ. ತರಗತಿಯಲ್ಲಿ ಯುರೋಪಿನ ಭೂಪಟ ತೂಗುಹಾಕುವರು. ಕೋಲನ್ನು ಇಂಗ್ಲೆಂಡಿನ ಮೇಲಿಟ್ಟರೆ ಕಲ್ಲಿದ್ದಲು ಬರಬೇಕಲ್ಲವೇ? ಬರುತ್ತಿದ್ದುದು ನೀತಿ!

ಮೊದಲು ಚನ್ನಗಿರಿಯ ಶಾಲೆಯಲ್ಲಿ ಕೋಲು ಇಂಗ್ಲೆಂಡಿನ ಮೇಲೇ ಇತ್ತು. ಹೆಚ್ಚು ಜನಕ್ಕೆ ಹೆಚ್ಚು ಸುಖ ಯಾವುದರಿಂದಲೋ ಅದೇ ಸರಿ ಎಂಬುದು ಅಲ್ಲಿಯ ಪಂಡಿತರ ಮತ. ಮಕ್ಕಳು ಲೆಕ್ಕ ಹಾಕಿದರು. ಶಾಲೆಗೆ ಬಂದರೆ ಹೆಡ್‌ಮಾಸ್ತರರೊಬ್ಬರಿಗೆ ಸುಖ. ಸೂಳೆಕೆರೆಗೆ ಈಜಲು ಹೋದರೆ ಇಡೀ ತರಗತಿಗೆ! ಮರುದಿನ ಕೋಣೆಯಲ್ಲಿ ಭೂಪಟವೊಂದೇ ಹಾಜರು. ಹೆಡ್‌ಮಾಸ್ತರರು ಕೂಗಾಡಿದರೆ ಭಾವ, “ಲೆಕ್ಕದಾಗೇನೂ ತಪ್ಪಿಲ್ಲ ಬಿಡ್ರಿ ಸಾರ್” ಎಂದರಂತೆ. ನ್ಯಾಮತಿಗೆ ವರ್ಗವಾಯಿತು.

ನ್ಯಾಮತಿಯಲ್ಲಿ ಕೋಲು ಗ್ರೀಸಿಗೆ ಇಳಿಯಿತು. ಅಲ್ಲಿಯ ಪ್ರಾಚೀನರ ಪ್ರಕಾರ ಅತಿಯೂ ಕೇಡು, ಕೊರತೆಯೂ ಕೇಡು, ಗುಣವಿರುವುದು ನಡುವೆ. ಅರ್ಧವಾರ್ಷಿಕ ಪರೀಕ್ಷೆ ಮುಗಿದದ್ದೇ ತಡ, ಅಂಗಡಿ ಸಾಹುಕಾರರೊಬ್ಬರು ಮನೆಬಾಗಿಲಿಗೆ ಬಂದರು.

“ಏನ್ರೀ ಮೇಷ್ಟ್ರೇ, ನನ್ ಮಗ ಅರ್ಧ ಪೇಪರ್ ಬರ್ದು ಎದ್ ಬಂದಾನೆ! ಕೇಳಿದ್ರೆ, ಪೂರ್ತಿ ಬರದ್ರೆ ಅತಿ ಆಗ್ತೈತೆ ಅಂತಾನಲ್ರೀ!”

“ಹಂಗಲ್ಲ ಸಾಹುಕಾರ್ರೆ, ನಡು ಅಂದ್ರೆ ಅರ್ಧ ಅಂತಲ್ಲ...” ಎಂದು ಭಾವ ವ್ಯಾಖ್ಯಾನಕ್ಕೆ ತೊಡಗಿದರು. ಸಾಹುಕಾರರಿಗೆ ಅಷ್ಟು ವ್ಯವಧಾನವೆಲ್ಲಿಯದು? ಶಿವಮೊಗ್ಗದ ಬಸ್ಸು ಹತ್ತಿ ಮೇಲಿನವರಿಗೆ ದೂರು ಕೊಟ್ಟು ಬಂದರು.

ಹೀಗೆ ಭಾವನವರು ಹೊನ್ನಾಳಿಗೆ, ನಾನು ಗಣಿತದ ಮೇಷ್ಟ್ರಾಗಿದ್ದ ಶಾಲೆಗೇ ಬಂದರು. ನನ್ನ ಗ್ರಹಚಾರ! ಅಕ್ಕ ಪಾತ್ರೆ ಜೋಡಿಸುತ್ತಲೇ ಹೇಳಿದಳು: “ತಮ್ಮಾ, ಇನ್ನೊಂದ್ ಸಲ ಗಂಟುಮೂಟೆ ಕಟ್ಟಾಕೆ ನನ್ ಕೈಲಿ ಆಗಲ್ಲ. ಹೆಂಗಾರ ಮಾಡಿ ನಿಮ್ ಭಾವನ್ನ ಈ ಊರಾಗೆ ಉಳಿಸು.”

“ಭಾವಾ, ಇಲ್ಲಿ ಬರೇ ಭೂಗೋಳ ಹೇಳ್ರಿ” ಎಂದು ಕೈಮುಗಿದೆ. “ಆಗ್ಲಿ ಮಾರಾಯಾ” ಎಂದವರೇ ಹೋಗಿ ಕೋಲನ್ನು ಜರ್ಮನಿಯ ಮೇಲಿಟ್ಟರು! ಆ ಜರ್ಮನಿಯ ಪಂಡಿತರೋ ಮಹಾ ಹಟಮಾರಿಗಳು. ಲಾಭನಷ್ಟ ನೋಡಕೂಡದು, ಕರ್ತವ್ಯ ಕರ್ತವ್ಯವೇ. ಯಾರನ್ನು ಉಳಿಸುವುದಕ್ಕೂ ಸುಳ್ಳು ಹೇಳಕೂಡದು!

ಅಷ್ಟರಲ್ಲಿ ಇನ್ಸ್‌ಪೆಕ್ಷನ್ ಬಂತು. ಆಗೆಲ್ಲ ಗೋಡೆಗೆ ಸುಣ್ಣವನ್ನೂ ಮಕ್ಕಳ ಬಾಯಿಗೆ ಉತ್ತರವನ್ನೂ ಹಿಂದಿನ ದಿನವೇ ಬಳಿದಿಡುವುದು ಪದ್ಧತಿ. ಭೂಗೋಳದಲ್ಲಿ ಮುಗಿದಿದ್ದವು ಮೂರೇ ಪಾಠ. ಅದು ಹೊರಬಿದ್ದರೆ ಭಾವನವರಿಗೆ ಮತ್ತೆ ವರ್ಗ ಖಂಡಿತ. “ಎಲ್ಲಾ ಪಾಠ ಮುಗಿದಾವೆ ಸಾರ್” ಎಂದು ಹೆಡ್‌ಮಾಸ್ತರರು ಇಡೀ ತರಗತಿಗೆ ಗಿಳಿಪಾಠ ಮಾಡಿಸಿದರು. ಮುಂದಿನ ಬೆಂಚಿನ ನೂರ್ಜಾನಳಿಗೆ, ಟೈಲರ್ ಸಾಬರ ಮಗಳಿಗೆ, ನಾನು ಬೇರೆಯಾಗಿಯೇ ಹೇಳಿದೆ: “ಇಲ್ಲಾಂದ್ರೆ ನಿಮ್ ಸಾರು ಊರು ಬಿಡಬೇಕಾಗ್ತೈತೆ, ನೋಡವ್ವಾ.” ಅವಳು ತಲೆ ತಗ್ಗಿಸಿದಳು. ಒಪ್ಪಿದಳೆಂದೇ ನಾನು ತಿಳಿದೆ.

ಇನ್ಸ್‌ಪೆಕ್ಟರ್ ಸಾಹೇಬರು ಅವಳನ್ನೇ ಎಬ್ಬಿಸಬೇಕೆ!

“ಎಷ್ಟು ಪಾಠ ಆಗಿವೆಯಮ್ಮಾ?”

ಹುಡುಗಿ ಭಾವನವರ ಮುಖ ನೋಡಿದಳು, ಭೂಪಟ ನೋಡಿದಳು. “ಮೂರು ಸಾರ್. ಉಳಿದ ಪೀರಿಯಡ್‌ನಾಗೆ ಯಾವ್ದು ಸರಿ, ಯಾವ್ದು ತಪ್ಪು ಅಂತ ಹೇಳಿಕೊಡ್ತಾರೆ.”

“ಅದು ಯಾವ ಖಂಡದಲ್ಲಿ ಬರುತ್ತೆ ಮೇಷ್ಟ್ರೇ?” ಎಂದರು ಸಾಹೇಬರು.

ಹೆಡ್‌ಮಾಸ್ತರರು ಬೆವರಿದರು. ನಾನು ಗೋಡೆಗೊರಗಿದೆ. ಭಾವನವರೋ, ಮಗಳಿಗೆ ರ್‍ಯಾಂಕು ಬಂದವರಂತೆ ಬೀಗುತ್ತಿದ್ದರು! ಏನು ಮಾಡೋಣ ಹೇಳಿ ಇಂಥವರನ್ನು?

ಜಗಳೂರಿಗೆ ವರ್ಗದ ಆರ್ಡರು ಬಂತು. “ನಿಮ್ ಜರ್ಮನಿಯೋರಿಗೆ ಹೇಳಿ ಕಳಿಸ್ರಿ, ಅವ್ರೇ ಬಂದು ಪಾತ್ರೆ ಕಟ್ಲಿ” ಎಂದ ಅಕ್ಕ ಆಮೇಲೆ ಗಂಡನೊಡನೆ ಮಾತೇ ಬಿಟ್ಟಳು. ಪಾತ್ರೆ ಕಟ್ಟಿದವನು ನಾನು.

ಹೊರಟ ದಿನ ನೂರ್ಜಾನ್ ಬಸ್‌ಸ್ಟ್ಯಾಂಡಿಗೆ ಬಂದಳು. ಅಕ್ಕ ಆಗಲೇ ಬಸ್ಸಿನೊಳಗೆ ಕೂತು ಮುಖ ಅತ್ತ ತಿರುಗಿಸಿದ್ದಳು.

“ಸಾರ್, ನಾನು ಸುಮ್ನಿದ್ದಿದ್ರೆ ನೀವು ಹೋಗ್ತಿರ್ಲಿಲ್ಲ. ನಾ ಮಾಡಿದ್ದು ಸರೀನಾ?”

ಸಿಕ್ಕಿತಲ್ಲ ಪ್ರಶ್ನೆ! ಇನ್ನು ಇಂಗ್ಲೆಂಡು, ಗ್ರೀಸು, ಜರ್ಮನಿ ಮೂರೂ ಸುತ್ತಿ ಬರುವಷ್ಟರಲ್ಲಿ ಬಸ್ಸು ದಾವಣಗೆರೆ ಮುಟ್ಟಿರುತ್ತದೆ ಎಂದುಕೊಂಡೆ. ಭಾವ ಬಾಯಿ ತೆರೆದರು.

“ನಿನ್ ಜಾಗದಾಗೆ ನಾನಿದ್ದಿದ್ರೆ ನಿಜ ಹೇಳ್ತಿರ್ಲಿಲ್ಲ ಕಣವ್ವಾ,” ಎಂದರು. “ನಂಗೆ ಅಷ್ಟು ಧೈರ್ಯ ಇಲ್ಲ.”

ಹುಡುಗಿ ಬಿಕ್ಕತೊಡಗಿದಳು. ಕಂಡಕ್ಟರ್ ಸೀಟಿ ಊದಿದ. ಅಷ್ಟರಲ್ಲಿ ಅಕ್ಕ, ಮೂಟೆಗಳನ್ನು ದಾಟಿಕೊಂಡು, ಬಸ್ಸಿನಿಂದ ಇಳಿದು ಬಂದಳು. ನೂರ್ಜಾನಳನ್ನು ಹತ್ತಿರ ಎಳೆದುಕೊಂಡು, ಸೆರಗಿನಿಂದ ಅವಳ ಮುಖ ಒರೆಸುತ್ತ, ಹಿಂತಿರುಗಿಯೂ ನೋಡದೆ ಕಂಡಕ್ಟರನಿಗೆ ಹೇಳಿದಳು:

“ಸ್ವಲ್ಪ ತಡಿಯಪ್ಪಾ. ಹುಡುಗಿ ಅಳ್ತೈತೆ.”