ಅಂಗೈ ಮೇಲಿನ ಶೀರಾ

ತಿನ್ನುವುದು ಬೇರೆ, ರುಚಿ ನೋಡುವುದು ಬೇರೆ ಎಂದು ನಾನು ಇಷ್ಟು ವರ್ಷ ಪ್ರಾಮಾಣಿಕವಾಗಿ ನಂಬಿದ್ದೆ. ತಿನ್ನುವವನಿಗೆ ತಟ್ಟೆ ಬೇಕು, ಕುರ್ಚಿ ಬೇಕು. ರುಚಿ ನೋಡುವವನಿಗೆ ಅಂಗೈ ಸಾಕು. ಮಾಟುಂಗದ ನಮ್ಮ ಪುಟ್ಟ ಹೋಟೆಲು ಬಾಗಿಲು ತೆರೆಯುವ ಮೊದಲು ಅಡುಗೆಮನೆಗೆ ಹೋಗಿ ಕೈ ಚಾಚುವುದು ಮಾಲೀಕನಾದ ನನ್ನ ಕರ್ತವ್ಯ. ಅಡುಗೆಯ ಭಟ್ಟರು ಒಂದು ಸೌಟು ಶೀರಾ ಹಾಕುತ್ತಾರೆ. ನಾನು ಕಣ್ಣು ಮುಚ್ಚಿ, ತಲೆದೂಗಿ, "ಸಿಹಿ ಸರಿ ಉಂಟು ಭಟ್ರೆ" ಎನ್ನುತ್ತೇನೆ. ಸಂಶಯ ಬಂದರೆ ಇನ್ನೊಂದು ಸೌಟು. ನನ್ನದು ಸ್ವಲ್ಪ ಸಂಶಯದ ಸ್ವಭಾವ.

ಈಚೆಗೆ ಭಟ್ಟರ ಮೈ ಇಳಿದುಹೋಗಿತ್ತು. ಇಪ್ಪತ್ತೈದು ವರ್ಷ ಒಲೆಯ ಮುಂದೆ ನಿಂತ ಮನುಷ್ಯ, ಬಾಯಿಗೆ ಎಷ್ಟು ಸಿಹಿ ಹೋಗಿರಬೇಡ! ಸಕ್ಕರೆ ಕಾಯಿಲೆಯೇ ಇರಬೇಕೆಂದು ನನಗೆ ದಿಗಿಲಾಯಿತು. ಹೆಂಡತಿ ಎರಡು ದಿನ ಮಾತು ಬಿಟ್ಟರೆ ತಡೆದುಕೊಂಡೇನು, ಭಟ್ಟರಿಲ್ಲದ ಅಡುಗೆಮನೆಯನ್ನು ನೆನೆಯಲೂ ಆಗದು. ಪಾಲಿಕೆಯ ದವಾಖಾನೆಯವರು ಕೆಲಸದ ಜಾಗಕ್ಕೇ ಬಂದು ಪುಕ್ಕಟೆ ಪರೀಕ್ಷೆ ಮಾಡುತ್ತಾರೆಂದು ಕೇಳಿ ಅವರನ್ನು ಕರೆಸಿದೆ. ಹಿಂದಿನ ದಿನವೇ ಭಾಷಣವನ್ನೂ ಬಿಗಿದೆ: "ನಾಳೆ ಎಲ್ಲರೂ ಖಾಲಿ ಹೊಟ್ಟೆ. ಚಹಾ ಕೂಡ ಇಲ್ಲ. ಗೊತ್ತಾಯ್ತಾ ಭಟ್ರೆ?"

ಮರುದಿನ ಬೆಳಿಗ್ಗೆ ಬಂದ ನರ್ಸು, "ಪಹಲೇ ಆಪ್, ಸೇಟ್" ಎಂದು ನನ್ನ ಬೆರಳನ್ನೇ ಮೊದಲು ಚುಚ್ಚಿದಳು. ಯಂತ್ರ ನೋಡಿ ಹುಬ್ಬೇರಿಸಿ, ಏನಾದರೂ ತಿಂದಿರಾ ಎಂದು ಕೇಳಿದಳು. "ಏನೂ ಇಲ್ಲ" ಎಂದೆ, ಮನಃಪೂರ್ವಕವಾಗಿ.

ಹಿಂದಿನಿಂದ ಭಟ್ಟರು ಎಂದರು: "ಶೀರಾ ಮಾತ್ರ ಮಾರಾಯ್ರೆ. ಎರಡು ಸೌಟು."

ಮಿಕ್ಕ ಕನ್ನಡ ತಿಳಿಯದಿದ್ದರೂ ಶೀರಾ ಎಂಬುದು ಆ ಮರಾಠಿ ಹೆಣ್ಣುಮಗಳಿಗೆ ಚೆನ್ನಾಗಿ ತಿಳಿಯಿತು. ನಾಳೆ ದವಾಖಾನೆಗೆ ಬರಬೇಕು, ಬರುವಾಗ ಹೊಟ್ಟೆ ನಿಜವಾಗಿ ಖಾಲಿ ಇರಬೇಕು ಎಂದಳು. ಭಟ್ಟರ ಸಕ್ಕರೆ ಮಾತ್ರ ಸರಿಯಾಗಿಯೇ ಇತ್ತು.

"ದಿನಾ ರುಚಿ ನೋಡಿಯೂ ನಿಮಗೆ ಹೇಗೆ ಬರಲಿಲ್ಲ?" ಎಂದು ಕೇಳಿದೆ, ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ.

"ನಾನೆಲ್ಲಿ ನೋಡ್ತೇನೆ ಶೆಟ್ರೆ? ಕಲಿತದ್ದು ದೇವಸ್ಥಾನದ ಅಡುಗೆ. ನೈವೇದ್ಯಕ್ಕೆ ಮೊದಲು ಬಾಯಿಗೆ ಹಾಕ್ಲಿಕ್ಕುಂಟಾ? ಪರಿಮಳದಲ್ಲೇ ಗೊತ್ತಾಗ್ತದೆ."

"ಮತ್ತೆ ಇಷ್ಟು ವರ್ಷ ನನ್ನನ್ನು ಕೇಳಿದ್ದು?"

"ನಿಮಗೆ ಖುಷಿ ಆಗ್ತದಲ್ಲ ಅಂತ."

"ಹಾಗಾದ್ರೆ ಈ ಮೈ ಇಳಿದದ್ದು?"

"ಹೊಸ ಹಲ್ಲಿನ ಸೆಟ್ಟು ಮಾರಾಯ್ರೆ. ಒಸಡು ಕಚ್ತದೆ, ಊಟ ಸೇರುವುದಿಲ್ಲ."

ಮರುದಿನವೂ ನನ್ನ ಸಕ್ಕರೆ ಇಳಿಯಲಿಲ್ಲ. ಡಾಕ್ಟರು ಮಾತ್ರೆ ಬರೆದರು, ದಿನವೂ ನಡೆಯಿರಿ ಎಂದರು, ಶೀರಾವನ್ನು ದೂರದಿಂದ ನೋಡಲೂ ಬೇಡಿ ಎಂದರು. ಭಟ್ಟರಿಗೆ ಏನೂ ಆಗಿಲ್ಲವೆಂಬ ಸಂತೋಷ ಎಷ್ಟಿತ್ತೆಂದರೆ, ನನಗೆ ಬಂದ ಕಾಯಿಲೆಯ ದುಃಖ ಮನೆ ಸೇರಿದ ಮೇಲೆಯೇ ನೆನಪಾಯಿತು.

ಈಗಲೂ ಬೆಳಿಗ್ಗೆ ಅಡುಗೆಮನೆಗೆ ಹೋಗುತ್ತೇನೆ. ಭಟ್ಟರು ಅಂಗೈಗೆ ಒಂದು ಚಮಚ ಹಾಗಲಕಾಯಿ ಪಲ್ಯ ಹಾಕಿ, ಅದೇ ಗಾಂಭೀರ್ಯದಿಂದ "ಸರಿ ಉಂಟಾ ಶೆಟ್ರೆ?" ಎನ್ನುತ್ತಾರೆ. ಮೊನ್ನೆ "ಉಪ್ಪು ಕಡಿಮೆ" ಎಂದೆ. ಅವರು ಡಬ್ಬಿಗೆ ಕೈ ಹಾಕಿ ಒಂದು ಚಿಟಿಕೆ ಉದುರಿಸಿದರು. ಆ ಚಿಟಿಕೆಯಲ್ಲಿ ಉಪ್ಪು ಇರಲಿಲ್ಲ, ನಾನು ಕಣ್ಣಾರೆ ಕಂಡೆ. ಮತ್ತೆ ಅಂಗೈ ಚಾಚಿ, ಕಣ್ಣು ಮುಚ್ಚಿ ರುಚಿ ನೋಡಿ, "ಹಾಂ, ಈಗ ಸರಿಯಾಯ್ತು" ಎಂದೆ.