ಉಲ್ಟಾ ತಿರುಗುವ ಎರಡು ಮೋಟಾರು

ಇನ್ನೊಬ್ಬರ ಕೆಲಸದಲ್ಲಿ ತಪ್ಪು ಕಂಡಾಗ ಬಾಯಿ ಮುಚ್ಚಿಕೊಂಡಿರುವುದು ದೊಡ್ಡ ಗುಣವೆಂದು ತಿಳಿದವರು ಹೇಳುತ್ತಾರೆ. ಆ ಗುಣ ನನ್ನಲ್ಲಿದೆ. ಬಾಯಿಯನ್ನು ನಾನು ಚೆನ್ನಾಗಿಯೇ ಮುಚ್ಚಿಕೊಳ್ಳುತ್ತೇನೆ. ಕೈ ಮಾತ್ರ ನನ್ನ ಮಾತು ಕೇಳುವುದಿಲ್ಲ.

ಏಳನೆಯ ಇಯತ್ತೆಗೆ ಸಾಲಿ ಬಿಟ್ಟು, ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿ ಕಟ್ಟುವುದನ್ನು ಕಲಿತವನು ನಾನು. ಅಂಗಡಿ ಘಟಪ್ರಭಾದಲ್ಲಿ. ಕಲ್ಲೋಳಿಯಿಂದ ಘೋಡಗೇರಿಯವರೆಗೆ ಯಾರ ಬಾವಿಯ ಪಂಪು ಸುಟ್ಟರೂ ಅದು ನನ್ನ ಬಾಗಿಲಿಗೇ ಬರಬೇಕು. ಹೊಸದಾಗಿ ಕೂಡಿಸಿದ ಪಂಪು ನೀರು ಎತ್ತುತ್ತಿಲ್ಲವೆಂದು ಯಾರಾದರೂ ಫೋನ್ ಮಾಡಿದರೆ ಕೂತಲ್ಲಿಂದಲೇ ಹೇಳುತ್ತೇನೆ: "ಮೋಟಾರ್ ಉಲ್ಟಾ ತಿರಗಾಕತ್ತೈತಿ. ಮೂರ ವೈರಿನಾಗ ಯಾವುದರ ಎರಡು ಅದಲಬದಲ ಮಾಡಸ್ರಿ." ಹತ್ತರಲ್ಲಿ ಒಂಬತ್ತು ಸಲ ಅದೇ ಆಗಿರುತ್ತದೆ. ಹತ್ತನೆಯ ಸಲ ಬಾವಿಯಲ್ಲಿ ನೀರೇ ಇರುವುದಿಲ್ಲ. ಹೀಗಾಗಿ ತಿರುಗುವ ವಸ್ತುಗಳೆಲ್ಲ ನನ್ನ ಬಂಧುಬಳಗವೆಂಬ ಅಭಿಮಾನ ನನಗೆ. ಮದುವೆ ಮನೆಯಲ್ಲಿ ತಲೆಯ ಮೇಲಿನ ಫ್ಯಾನು ಗೊರಗುಟ್ಟಿದರೆ ಹೋಳಿಗೆ ಗಂಟಲಲ್ಲಿ ಇಳಿಯುವುದಿಲ್ಲ.

ಇಂಥವನಿಗೆ ದೇವರು ಕೊಟ್ಟ ಅಳಿಯ ಈರಣ್ಣ. ಹುಕ್ಕೇರಿಯಲ್ಲಿ ಐಟಿಐ ಹುಡುಗರಿಗೆ ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತಾನೆ. ಮದುವೆಯಾದ ಮೇಲೆ ಮೊದಲ ಸಲ ಮಗಳು ವಿದ್ಯಾಳೊಂದಿಗೆ ಬಂದವನು, ತಾನೇ ಜೋಡಿಸಿದ ಒಂದು ಡ್ರೋನು ತಂದಿದ್ದ. ಅಂಗೈಗಿಂತ ತುಸು ದೊಡ್ಡದು, ಪಂದ್ಯದಲ್ಲಿ ಓಡಿಸುವಂಥದ್ದು, ಇನ್ನೂ ಒಮ್ಮೆಯೂ ಹಾರಿರಲಿಲ್ಲ. "ಮೊದಲನೇದು ಮಾವಾರ ಮುಂದ ಹಾರಸಬೇಕಂತ ಇಟ್ಟೇನ್ರಿ" ಎಂದ. ನನ್ನ ಎದೆ ಉಬ್ಬಿತು. ಓದಿದ ಹುಡುಗ, ಏಳನೆಯ ಇಯತ್ತೆಯ ಮಾವನನ್ನು ಲೆಕ್ಕಕ್ಕೆ ಹಿಡಿಯುತ್ತಾನೋ ಇಲ್ಲವೋ ಎಂಬ ಅಳುಕು ಮದುವೆಯ ದಿನದಿಂದಲೂ ಇತ್ತು. ಇವತ್ತು ನಾನೂ ಒಬ್ಬ ಕಸುಬುದಾರನೆಂದು ತೋರಿಸಿಬಿಡಬೇಕು ಅನ್ನಿಸಿತು.

ಬೆಳಿಗ್ಗೆ ರೆಕ್ಕೆಗಳನ್ನು ಹಾಕದೆ ಲ್ಯಾಪ್‌ಟಾಪಿನಿಂದ ಒಂದೊಂದೇ ಮೋಟಾರು ತಿರುಗಿಸಿ ತೋರಿಸಿದ. ಯಾವ ಕಡೆ ತಿರುಗುತ್ತದೆಂದು ತಿಳಿಯಲು ಕಾಗದದ ಚೂರು ತಾಗಿಸುತ್ತಿದ್ದ. ನಾಲ್ಕು ಮೋಟಾರು, ಒಂದೊಂದಕ್ಕೆ ಮೂರು ವೈರು, ಥೇಟ್ ನಮ್ಮ ಪಂಪಿನ ಮರಿಗಳು. ಆದರೆ ಎರಡು ಸರಿ ತಿರುಗಿದರೆ ಇನ್ನೆರಡು ಉಲ್ಟಾ. ಪಾಠ ಹೇಳುವ ಮಾಸ್ತರನ ಕೆಲಸದಲ್ಲಿ ಅರ್ಧಕ್ಕರ್ಧ ತಪ್ಪು. ಅಳಿಯನ ತಪ್ಪನ್ನು ಮುಖಕ್ಕೆ ಹೇಳುವ ಪದ್ಧತಿ ನಮ್ಮಲ್ಲಿಲ್ಲ.

"ಎಲ್ಲಾ ಬರೋಬ್ಬರಿ ಐತೇನ್ರಿ ಅಳಿಯಂದ್ರ?" ಎಂದೆ.

"ಬರೋಬ್ಬರಿ ಐತ್ರಿ ಮಾವಾರ" ಎಂದು ಅವನು ಜಳಕಕ್ಕೆ ಹೋದ.

ನೀರು ಕಾಯಿಸಿ ಕೊಡುವುದರಲ್ಲಿ ನನ್ನ ಹೆಂಡತಿ ಅಳಿಯನಿಗೆ ಅವಸರ ಮಾಡುವವಳಲ್ಲ. ಅಷ್ಟರಲ್ಲಿ ನಾನು ಎರಡೂ ಉಲ್ಟಾ ಮೋಟಾರುಗಳ ವೈರು ಅದಲಬದಲು ಮಾಡಿ, ಮುತ್ತಿನಂತೆ ಹೊಳೆಯುವ ಸೋಲ್ಡರ್ ಬೆಸುಗೆ ಹಾಕಿ, ಏನೂ ಅರಿಯದವನಂತೆ ಚಹಾ ಕುಡಿಯುತ್ತ ಕೂತೆ. ಉಪಕಾರ ಮಾಡಿ ಹೇಳದೆ ಇರುವ ಸುಖವೇ ಬೇರೆ.

ಮಧ್ಯಾಹ್ನ ಅಂಗಡಿಯ ಹಿಂದಿನ ಕಬ್ಬು ಕಡಿದ ಹೊಲಕ್ಕೆ ಎಲ್ಲರೂ ಹೋದೆವು. ಬಾಜೂ ಅಂಗಡಿಯ ವೆಲ್ಡರ್ ದಸ್ತಗೀರಸಾಬ ಸ್ಟೂಲು ಹಿಡಿದೇ ಬಂದ. ಈರಣ್ಣ ರೆಕ್ಕೆ ಬಿಗಿದು, ಡ್ರೋನಿನ ಕ್ಯಾಮೆರಾ ಕಂಡದ್ದನ್ನೆಲ್ಲ ತೋರಿಸುವ ದೊಡ್ಡ ಕನ್ನಡಕ ಕಣ್ಣಿಗೆ ಹಾಕಿಕೊಂಡು ರಿಮೋಟಿನ ಕಡ್ಡಿ ಒತ್ತಿದ. ಡ್ರೋನು ಗುರ್ರೆಂದಿತು, ಗೇಣೆತ್ತರ ಎದ್ದಿತು, ಲಾಗ ಹೊಡೆದು ಮಣ್ಣಿಗೆ ಮೂತಿ ಊರಿತು.

"ನಮ್ಮ ಮನಿ ಕೋಳಿ ಇದಕ್ಕಿಂತ ಮ್ಯಾಲ ಹಾರತೈತಿ ಬಿಡೋ" ಎಂದು ದಸ್ತಗೀರಸಾಬ ನನ್ನ ಕಿವಿಯಲ್ಲಿ ಹೇಳಿದ.

ಈರಣ್ಣ ಮಣ್ಣು ಒರೆಸಿ, ರೆಕ್ಕೆ ಬಿಚ್ಚಿ, ಮತ್ತೆ ಕಾಗದದ ಚೂರು ಹಿಡಿದು ಒಂದೊಂದೇ ಮೋಟಾರು ನೋಡಿದ. ಡ್ರೋನನ್ನು ತಿರುವಿ ಬಹಳ ಹೊತ್ತು ಕಣ್ಣ ಹತ್ತಿರ ಹಿಡಿದುಕೊಂಡ. ಆಮೇಲೆ, "ನಂದ ತಪ್ಪರಿ ಮಾವಾರ. ಎರಡು ಮೋಟಾರ್ ಉಲ್ಟಾ ಜೋಡಸೇನಿ" ಎಂದ.

"ಮುಂಜಾನಿ ಎರಡ ಆ ಕಡೆ, ಎರಡ ಈ ಕಡೆ ತಿರಗತಿದ್ದುವಲ್ಲ" ಎಂದಳು ವಿದ್ಯಾ. "ಹಂಗ ಇರಬೇಕಲ್ಲ? ರೆಕ್ಕಿ ಎರಡ ನಮೂನಿ ಅದಾವು, ಎಲ್ಲಾ ಒಂದ ಕಡೆ ತಿರಗಿದ್ರ ಎರಡು ಮ್ಯಾಲ ಎತ್ತತಾವು, ಎರಡು ಕೆಳಗ ಒತ್ತತಾವು."

ನನ್ನ ಬಾಯೊಳಗಿನ ಅಡಿಕೆ ಅಲ್ಲೇ ನಿಂತಿತು. ಸುಮ್ಮನಿದ್ದರೆ ನನ್ನ ಮಾನ ಉಳಿಯುತ್ತಿತ್ತು, ಹುಡುಗನದು ಹೋಗುತ್ತಿತ್ತು. ಮಗಳು ನನ್ನ ಕೈಯನ್ನೇ ನೋಡುತ್ತಿದ್ದಳು. ಈ ಕೈಯ ಪರಿಚಯ ಅವಳಿಗೆ ಹುಟ್ಟಿದಾಗಿನಿಂದ ಇದೆ.

"ನಿಮ್ಮ ತಪ್ಪಲ್ರಿ ಅಳಿಯಂದ್ರ. ನೀವು ಜಳಕಕ್ಕ ಹೋದಾಗ ನಾನ ಬದಲ ಮಾಡೇನಿ" ಎಂದೆ.

ಈರಣ್ಣ ನೆಲ ನೋಡಿ ನಕ್ಕ. "ಗೊತ್ತಾತ್ರಿ. ನನ್ನ ಸೋಲ್ಡರ್ ಇಷ್ಟ ಚಂದ ಇರೂದಿಲ್ರಿ."

ಗೊತ್ತಿದ್ದೂ ತಪ್ಪನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡಿದ್ದ. "ಮೊದಲಿದ್ದಂಗ ನೀವ ಮಾಡಿಕೊಡ್ರಿ, ನಿಮ್ಮ ಕೈ ಚಲೋ ಐತಿ" ಎಂದು ಡ್ರೋನನ್ನು ನನ್ನ ಅಂಗೈಯಲ್ಲೇ ಇಟ್ಟ. ಅಂಗಡಿಗೆ ಓಡಿ ಸರಿಮಾಡಿ ತಂದೆ. ಈ ಸಲ ಅದು ಜೇನುಹುಳದಂತೆ ಝೇಂಕರಿಸಿ ಎದ್ದು, ಬೇವಿನಮರ ಸುತ್ತಿ, ದಸ್ತಗೀರಸಾಬನ ಟೊಪ್ಪಿಗೆಯ ಮೇಲೆ ಹಾದು ಹೋಯಿತು. ಅವನು ಸ್ಟೂಲಿನ ಕೆಳಗೆ ಕೂತ. ಈರಣ್ಣನ ಹತ್ತಿರ ಇನ್ನೊಂದು ಕನ್ನಡಕವಿತ್ತು, ನನಗೆ ಹಾಕಿದ. ಹಸಿರು ಹೊಲ, ರೈಲು ಹಳಿ, ಹೆಂಚಿನ ಮನೆಗಳೆಲ್ಲ ಕಾಲಕೆಳಗೆ ಸರಿದವು. ನಡುವೆ ಒಂದು ಬೋಳುತಲೆ ಸೊಂಟದ ಮೇಲೆ ಕೈಯಿಟ್ಟು ಗತ್ತಿನಿಂದ ನಿಂತಿತ್ತು. ಯಾರಪ್ಪ ಈ ಠೀವಿಯವನು ಎಂದುಕೊಂಡು ಕೈ ಇಳಿಸಿದೆ. ಅವನೂ ಇಳಿಸಿದ.

ಹೋದ ತಿಂಗಳು ಅಳಿಯ ಮತ್ತೆ ಬಂದಿದ್ದ, ಹೊಸ ಡ್ರೋನಿನೊಂದಿಗೆ. ಜಳಕಕ್ಕೆ ಹೋಗುವ ಮುನ್ನ ಅದನ್ನು ಕಪಾಟಿನಲ್ಲಿಟ್ಟು, ಕೀಲಿ ಹಾಕಿ, ಕೀಲಿಕೈಯನ್ನು ಅತ್ತೆಯ ಕೈಗೆ ಕೊಟ್ಟು ಹೋದ. ನನ್ನ ಮುಖಕ್ಕೆ ಒಂದು ಮಾತೂ ಹೇಳಲಿಲ್ಲ. ಪದ್ಧತಿ ತಿಳಿದ ಹುಡುಗ.