ಮಾವನವರ ಕೆಂಪು ಪೆನ್ನು, ಹುಬ್ಬಳ್ಳಿಯ ಫರ್ನಿಚರ್ ಅಂಗಡಿ

ಜಗತ್ತಿನಲ್ಲಿ ಜಾತಕ ನೋಡಿ ಸಂಬಂಧ ಮುರಿದವರುಂಟು. ಕೆಂಪು ಪೆನ್ನಿನಿಂದ ಮುರಿದವರು ನಮ್ಮ ಮಾವನವರೊಬ್ಬರೇ!

ಅವರು ನಿವೃತ್ತ ಇಂಗ್ಲಿಷ್ ಮಾಸ್ತರು. ಆ ಭಾನುವಾರ ಬೆಳಗ್ಗೆಯೂ ಎಂದಿನಂತೆ ಚಹಾ ಕುಡಿಯುತ್ತಾ ಇಂಗ್ಲಿಷ್ ಪೇಪರನ್ನು ತಿದ್ದುತ್ತಿದ್ದರು. ಫರ್ನಿಚರ್, ಲಗೇಜ್, ಹೇರ್‌ಗಳು ಎಷ್ಟಿದ್ದರೂ ಒಂದೇ ಎಂಬುದು ಅವರ ಅದ್ವೈತ. ಆ ಪದಗಳ ಕೊನೆಗೊಂದು ಬಹುವಚನದ ‘ಎಸ್’ ಕಂಡರೆ ಅನ್ನದಲ್ಲಿ ಹರಳು ಸಿಕ್ಕಂತೆ! ಕಾನ್ವೆಂಟಿನಲ್ಲಿ ಓದಿದ ನನ್ನ ಕಿರಾಣಿ ಚೀಟಿಯನ್ನೂ ಬಿಟ್ಟವರಲ್ಲ. ‘ಸ್ಟೇಷನರೀಸ್’ ಎಂದು ಬರೆಸಿದ್ದ ಅಂಗಡಿಯವನು ಇವರ ಕಾಟ ತಾಳದೆ ಇಡೀ ಬೋರ್ಡನ್ನೇ ಕನ್ನಡದಲ್ಲಿ ಬರೆಸಿದ. ಇಂಥ ಕನ್ನಡ ಸೇವೆ ಯಾವ ಕನ್ನಡ ಮಾಸ್ತರು ಮಾಡಿದ್ದಾರೆ, ಹೇಳಿ?

ಆದರೆ ಹೋದ ವರ್ಷ ನಾದಿನಿಗೆ ಬಂದ ವರನ ಬಯೋಡೇಟಾದಲ್ಲಿ ‘ಬ್ಲ್ಯಾಕ್ ಹೇರ್ಸ್’ ಕಂಡು, ತಿದ್ದಿ, ಹತ್ತಕ್ಕೆ ನಾಲ್ಕು ಅಂಕ ಹಾಕಿ ವಾಪಸು ಕಳಿಸಿದರು. ಆ ಕಡೆಯವರು ಮತ್ತೆ ಫೋನು ಎತ್ತಲಿಲ್ಲ.

ಈ ಸಲ, ಅಂದರೆ ಆ ಭಾನುವಾರ ಮಧ್ಯಾಹ್ನ, ಹೆಣ್ಣು ನೋಡಲು ಬರಲಿದ್ದವರು ಹುಬ್ಬಳ್ಳಿಯವರು. ಹುಡುಗ ಫೋಟೋದಲ್ಲೇ ನಾದಿನಿಯ ಮನಸ್ಸಿಗೆ ಬಂದಿದ್ದ. ಅವನ ತಂದೆಯ ಅಂಗಡಿಯ ಹೆಸರಿನಲ್ಲೇ ‘ಫರ್ನಿಚರ್ಸ್’ ಇತ್ತು!

“ಅಪ್ಪಾ, ಇವತ್ತೊಂದಿನ ಸುಮ್ಮನಿರು,” ಎಂದಳು ನಾದಿನಿ.

“ನಾ ಏನ್ ಅಂತೇನಿ ತಂಗಿ?” ಎಂದ ಮಾವನವರು ಚಪ್ಪಲಿ ಮೆಟ್ಟಿ ವಾಕಿಂಗ್‌ಗೆ ಹೊರಟರು. ಪೆನ್ನು ಜೇಬಿನಲ್ಲೇ ಇತ್ತು.

ಮಧ್ಯಾಹ್ನ ಬಂದವರು ಕೂತರು. ನಾನು ಉಪ್ಪಿಟ್ಟಿನ ತಾಟು ಹಿಡಿದು ಬಾಗಿಲಲ್ಲೇ ನಿಂತೆ.

“ನಮ್ದು ಅಪ್ಪನ ಕಾಲದಿಂದ ಫರ್ನಿಚರ್ಸ್ ವ್ಯಾಪಾರ ನೋಡ್ರಿ ಸರ,” ಎಂದರು ಹುಡುಗನ ತಂದೆ.

ನಾದಿನಿಯ ಬೆರಳುಗಳು ಸೆರಗಿನ ಅಂಚನ್ನು ಬಿಗಿಯಾಗಿ ಸುತ್ತಿಕೊಂಡವು. ಮಾವನವರ ಕೈ ಜೇಬಿನತ್ತ ಹೋಯಿತು. ಮುಗಿಯಿತು, ಎಂದುಕೊಂಡೆ! ಅವರು ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು. ಗಂಟಲು ಸರಿಮಾಡಿಕೊಂಡರು.

“ನಮ್ಮ ಧಾರವಾಡದಾಗೂ ನಿಮ್ಮ ಫರ್ನಿಚರ್ಸ್ ಅಂದ್ರ ಭಾಳ ಹೆಸರು ಅದರಿ!”

ತಾಟು ನನ್ನ ಕೈಯಿಂದ ಜಾರುವುದೊಂದು ಬಾಕಿ. ನಾದಿನಿ ಅಪ್ಪನನ್ನೇ ನೋಡುತ್ತಿದ್ದಳು. ಅರ್ಧ ಗಂಟೆಯಲ್ಲಿ ಎರಡೂ ಕಡೆಯವರು ಒಪ್ಪಿಕೊಂಡರು.

ಸಂಜೆ ಕಂಪೌಂಡಿನ ಮೇಲಿಂದ ಪಕ್ಕದ ಮನೆಯ ಅಕ್ಕನಿಗೆ ಪೇಢೆ ಕೊಟ್ಟು ಸುದ್ದಿ ಹೇಳಿದೆ.

“ಭಾಳ ಛಲೋ ಆತು ಬಿಡವಾ,” ಎಂದು ಪೇಢೆ ಬಾಯಿಗೆ ಹಾಕಿಕೊಂಡರು. “ಅಂದಂಗ, ನಿಮ್ಮ ಮಾವಾರು ಆರಾಮ ಅದಾರಿಲ್ಲೋ? ಮುಂಜಾನಿ ಕೆಲಗೇರಿ ಕೆರಿ ದಂಡಿಗೆ ಒಬ್ಬರ ಕುಂತು, ಸಾಲಿ ಹುಡುಗರಂಗ ‘ಫರ್ನಿಚರ್ಸ್, ಫರ್ನಿಚರ್ಸ್’ ಅಂತ ಬಾಯಿಪಾಠ ಮಾಡಾಕತ್ತಿದ್ರು!”